ಎರಡು ತೊಗಟೆ

ಹೇಮಾಕ್ಷಿಯ ಪ್ರಬಂಧದ ವಿಷಯವನ್ನು ಓದಿದ ಕೂಡಲೇ ಪ್ರೊಫೆಸರ್ ಬಾಸಿಲ್ ಸೆರಾವೊ ಕಾಗದವನ್ನು ಅವಳತ್ತ ತಳ್ಳಿದರು.

“ಇದೆಂತ ಮಾರಾಯ್ತಿ? ಟಾಕ್ಸಿಕಾಲಜಿ ಎಂ.ಡಿ.ಗೆ ಆಟಿ ಅಮಾವಾಸ್ಯೆಯ ಕಷಾಯವಾ? ಮೈಸೂರಿನ ಎಕ್ಸಾಮಿನರ್ ನಗ್ತಾರೆ. ಆರ್ಸೆನಿಕ್ ತಗೊ. ಪುಸ್ತಕ ಬೇಕಾದಷ್ಟು ಉಂಟು.”

“ಆರ್ಸೆನಿಕ್‌ನಿಂದ ನಮ್ಮ ಮನೆಯಲ್ಲಿ ಯಾರೂ ಸತ್ತಿಲ್ಲ ಸರ್.”

ಸತ್ತದ್ದು ಉಳ್ಳಾಲದಲ್ಲಿದ್ದ ಅವಳ ಸೋದರಮಾವ ನೋಣಯ್ಯ. ತುಳುನಾಡಿನ ಮಳೆಗಾಲದ ತಿಂಗಳಾದ ಆಟಿಯ ಅಮಾವಾಸ್ಯೆಯಂದು ಬೆಳಕು ಹರಿಯುವ ಮೊದಲೇ ಹಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು, ಅರೆದು, ಬರಿಹೊಟ್ಟೆಯಲ್ಲಿ ಕುಡಿಯುವುದು ಪದ್ಧತಿ. ಹಿಂದಿನ ವರ್ಷ, ೧೯೬೩ರಲ್ಲಿ, ಆ ಮಬ್ಬಿನಲ್ಲಿ ಮಾವ ಜಜ್ಜಿದ್ದು ಪಕ್ಕದಲ್ಲಿದ್ದ ಕಾಸರಕನ ವಿಷಮರವನ್ನು. ಮೈ ಸೆಟೆದು ಬಿಲ್ಲಿನಂತಾಗಿ ಸತ್ತವನನ್ನು ನೋಡಿದ ವೈದ್ಯರೊಬ್ಬರು ಧನುರ್ವಾಯು ಎಂದು ಬರೆದು ಕೈತೊಳೆದುಕೊಂಡರು.

ಹೇಮಾಕ್ಷಿ ಚೀಲದಿಂದ ಎರಡು ತೊಗಟೆ ತೆಗೆದು ಮೇಜಿನ ಮೇಲಿಟ್ಟಳು.

“ಒಂದು ಮದ್ದು, ಒಂದು ವಿಷ. ಯಾವುದು ಯಾವುದೆಂದು ಹೇಳಿ ಸರ್.”

ಸೆರಾವೊ ಕನ್ನಡಕ ಏರಿಸಿ ತಿರುಗಿಸಿ ನೋಡಿದರು, ಮೂಸಿದರು. ನಾಲಗೆಗೆ ತಾಗಿಸಲು ಹೋದವರು ಗಕ್ಕನೆ ಕೈ ಹಿಂದೆಗೆದರು.

“ಎರಡೂ ಕಹಿಯೇ. ಕುಡಿದರೂ ಗೊತ್ತಾಗುವುದಿಲ್ಲ,” ಎಂದಳು ಹೇಮಾಕ್ಷಿ.

“ಮೈಸೂರಿನವರು ನಿನ್ನನ್ನು ಫೇಲ್ ಮಾಡಿದರೆ ನನ್ನನ್ನು ಕೇಳ್ಬೇಡ.”

“ಮಾಡ್ಲಿ. ಮುಂದಿನ ವರ್ಷ ಪುನಃ ಇದನ್ನೇ ಬರೀತೇನೆ. ಆಟಿ ಪ್ರತಿ ವರ್ಷ ಬರ್ತದಲ್ಲ ಸರ್.”

ಸೆರಾವೊ ತಾವು ತಳ್ಳಿದ್ದ ಕಾಗದವನ್ನು ಮತ್ತೆ ತಮ್ಮತ್ತ ಎಳೆದುಕೊಂಡರು. ಆಮೇಲೆ ಪೆನ್ನಿನ ಮುಚ್ಚಳ ತೆಗೆದರು.

“ಪ್ರಯೋಗಕ್ಕೆ ಎಷ್ಟು ಇಲಿ ಬೇಕು?”

“ನಲವತ್ತು.”