ಅಗ್ಗದ ಡಬ್ಬಕ್ಕೊಂದು ಪರೀಕ್ಷೆ

ನನ್ನ ಸೊಸೆಯ ಉದ್ಯೋಗ ಏನು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಅವರನ್ನು ಕೂರಿಸುತ್ತೇನೆ. ನಿಂತುಕೊಂಡು ಕೇಳುವ ವಿಷಯ ಅಲ್ಲ ಅದು. ಕಂಪ್ಯೂಟರ್ ಕಂಪನಿಗಳು ಹೊಸ ಸಾಮಾನು ತಯಾರಿಸಿದಾಗ, ಅದು ಅಂಗಡಿಗೆ ಬರುವ ಮೊದಲೇ ಒಂದನ್ನು ಇವಳಿಗೆ ಕಳಿಸುತ್ತವೆ. ಇವಳು ಮಹಡಿಯ ಕೋಣೆಯಲ್ಲಿ ಕ್ಯಾಮೆರಾ ಮುಂದೆ ಕೂತು ಅದನ್ನು ಬಿಚ್ಚಿ, ಹಗಲೆಲ್ಲ ಓಡಿಸಿ, ಹಿಂಡಿ ಹಿಪ್ಪೆ ಮಾಡಿ, ಹೇಗಿದೆ ಎಂದು ವಿಡಿಯೋದಲ್ಲಿ ಹೇಳುತ್ತಾಳೆ. ಕಂಪನಿಯವರೇ ಕಳಿಸಿದರೆಂದು ಹೊಗಳುವವಳಲ್ಲ. ಒಮ್ಮೆ, ಪರದೆಗೆ ಚಿತ್ರ ತರುವ ಒಂದು ಗ್ರಾಫಿಕ್ಸ್ ಕಾರ್ಡನ್ನು ‘ಇಸ್ತ್ರಿಪೆಟ್ಟಿಗೆಗೆ ಲೈಟು ಕಟ್ಟಿದ್ದಾರೆ’ ಎಂದುಬಿಟ್ಟಳು. ಆ ಕಂಪನಿಯವರು ಮುನಿಸಿಕೊಂಡು ಬಹಳ ದಿನ ಏನೂ ಕಳಿಸಲಿಲ್ಲ. ಮೆಟ್ಟಿಲ ಮೇಲೆ ಖಾಲಿ ರಟ್ಟಿನ ಪೆಟ್ಟಿಗೆ ಇಲ್ಲದೆ ನಾನು ನೆಮ್ಮದಿಯಾಗಿ ಓಡಾಡಿದ್ದು ಆಗ ಮಾತ್ರ.

ನಾನು ಬಸ್ ಡಿಪೋದಲ್ಲಿ ಟೈರು ನೋಡಿಕೊಂಡು ನಿವೃತ್ತನಾದವನು. ಕಂಪ್ಯೂಟರಿನ ಗಂಧಗಾಳಿ ನನಗಿಲ್ಲ. ಆದರೆ ಒಂದು ಸಾಮಾನನ್ನು ಪರೀಕ್ಷೆ ಮಾಡುವುದು ಅಂದರೇನು ಎಂದು ಗೊತ್ತು. ಹಾಗಾಗಿ ಈ ಕಥೆ ಹೇಳುವ ಹಕ್ಕು ನನಗಿದೆ. ಇಲ್ಲದಿದ್ದರೂ ಹೇಳುತ್ತಿದ್ದೆ, ಅದು ಬೇರೆ ಮಾತು.

ನನ್ನ ತಂಗಿಗೆ ಕಾಲೇಜಿನ ಗೇಟಿನ ಎದುರು ಒಂದು ಅಂಗಡಿ ಇದೆ. ಅಂಗಡಿ ಅಂದರೆ ಒಂದು ಮಹಡಿ ಮೆಟ್ಟಿಲ ಕೆಳಗಿನ ಜಾಗ. ಟೈಪಿಂಗ್, ಜೆರಾಕ್ಸ್, ಬೈಂಡಿಂಗ್, ಲ್ಯಾಮಿನೇಷನ್ ಎಲ್ಲವೂ ಅಲ್ಲೇ. ಗಿರಾಕಿ ಕೂರಲು ಒಂದು ಸ್ಟೂಲು. ಉದ್ದಗಿರುವವರು ತಲೆ ಬಗ್ಗಿಸಿಯೇ ಒಳಗೆ ಬರಬೇಕು, ತಂಗಿ ಅದನ್ನು ತನಗೆ ಮಾಡಿದ ನಮಸ್ಕಾರ ಎಂದೇ ತಿಳಿಯುತ್ತಾಳೆ. ವರ್ಷವಿಡೀ ಅರ್ಜಿ, ಅಫಿಡವಿಟ್ಟು ಎಂದು ಬಿಡಿಗಾಸಿನ ಕೆಲಸ. ಅಂಗಡಿ ನಡೆಯುವುದು ಥೀಸಿಸ್ ಸೀಸನ್ನಿನಲ್ಲಿ. ಸಂಶೋಧನೆ ಮಾಡುವ ಹುಡುಗ ಹುಡುಗಿಯರು ಕಟ್ಟುಕಟ್ಟು ಹಾಳೆ ಹಿಡಿದುಕೊಂಡು ಬರುತ್ತಾರಲ್ಲ, ಆ ಎರಡು ತಿಂಗಳು ಕೈತಪ್ಪಿದರೆ ಉಳಿದ ಹತ್ತು ತಿಂಗಳು ಬಾಗಿಲು ತೆರೆದೂ ಪ್ರಯೋಜನವಿಲ್ಲ. ರಸ್ತೆಯ ಆಚೆ ಇನ್ನೊಂದು ಅಂಗಡಿ ಬಂದಿದೆ, ಗಾಜಿನ ಬಾಗಿಲು, ಏಸಿ, ಟೋಕನ್ ಕೊಡುವ ಮಷೀನು. ಒಮ್ಮೆ ಅಲ್ಲಿಗೆ ಹೋದ ಗಿರಾಕಿ ತಲೆ ಬಗ್ಗಿಸಲು ವಾಪಸ್ಸು ಬರುವುದಿಲ್ಲ.

ಸೀಸನ್ ಶುರುವಾಗುವ ಹೊತ್ತಿಗೆ ಸರಿಯಾಗಿ ತಂಗಿಯ ಹಳೆಯ ಕಂಪ್ಯೂಟರ್ ಕೈಕೊಟ್ಟಿತು. ರಿಪೇರಿಯವನು ಬಂದು ಮುಟ್ಟಿ ನೋಡಿ, ಡಾಕ್ಟರು ಆಪರೇಷನ್ ಕೋಣೆಯಿಂದ ಹೊರಗೆ ಬಂದ ಹಾಗೆ ತಲೆ ಆಡಿಸಿ ಹೋದ. ತಂಗಿ ನೆಟ್ಟಗೆ ನಮ್ಮ ಮನೆಗೆ ಬಂದಳು. ಮನೆಯಲ್ಲೇ ಇಷ್ಟು ದೊಡ್ಡ ಪಂಡಿತೆ ಇರುವಾಗ ಬೇರೆಯವರನ್ನು ಯಾಕೆ ಕೇಳಬೇಕು? ತನ್ನ ಕೈಗೆ ಎಟಕುವಂಥದ್ದು, ಬರೀ ಟೈಪಿಂಗು, ಫೋಟೋ, ಪ್ರಿಂಟು ಮಾಡುವಂಥದ್ದು ಯಾವುದು ತೆಗೆದುಕೊಳ್ಳಲಿ ಎಂದು ಕೇಳಿದಳು.

ಸೊಸೆ ತಲೆ ಕೆರೆದುಕೊಂಡು, ಅಂಥವನ್ನು ತಾನು ಮುಟ್ಟಿಯೇ ಇಲ್ಲ ಎಂದು ಒಪ್ಪಿಕೊಂಡಳು. ಕಂಪನಿಯವರು ಕಳಿಸುವುದು ಎಲ್ಲಕ್ಕಿಂತ ಮೇಲಿನದನ್ನು. ಜನ ನೋಡುವುದೂ ಅದನ್ನೇ. ಅಗ್ಗದ್ದರ ಮೇಲೆ ವಿಡಿಯೋ ಮಾಡಿದರೆ ಯಾರೂ ತಿರುಗಿ ನೋಡುವುದಿಲ್ಲ.

“ನೋಡೋರು ಬೇರೆ, ಕೊಳ್ಳೋರು ಬೇರೆ ಕಣೇ,” ಎಂದಳು ತಂಗಿ. “ನಮ್ಮ ಬೀದೀಲಿ ಆ ಲೈಟಿನ ಕಾರ್ಡು ಯಾರ ಮನೇಲಿದೆ ಹೇಳು. ನಿಮ್ಮ ಮನೇಲಿರೋದೂ ನಿಮ್ಮದಲ್ಲ. ಅದೂ ವಾಪಸ್ಸು ಕಳಿಸ್ಬೇಕು ತಾನೆ?”

“ಕಳಿಸ್ಬೇಕು ಅತ್ತೆ.”

“ಮತ್ತೆ? ನಿನ್ನ ಗಂಡ ಲೆಕ್ಕ ಬರೆಯೋ ಕಂಪ್ಯೂಟರ್‌ಗೆ ರಬ್ಬರ್ ಬ್ಯಾಂಡ್ ಹಾಕಿದೆ. ಅದರ ಮೇಲೊಂದು ವಿಡಿಯೋ ಮಾಡು.”

ನಾನು ನಕ್ಕೆ. ನಗಬಾರದಿತ್ತು. ಸೊಸೆಯ ಮುಖ ಚಿಕ್ಕದಾಯಿತು. ಆದರೆ ಅವಳು ಮುಖ ಊದಿಸಿಕೊಂಡು ಮೂಲೆ ಹಿಡಿಯುವವಳಲ್ಲ. ಮಾರನೆಯ ದಿನವೇ ಹೋಗಿ, ಅಂಗಡಿಯಲ್ಲಿ ಸಿಗುವ ಪ್ರೊಸೆಸರುಗಳಲ್ಲಿ ಎಲ್ಲಕ್ಕಿಂತ ಅಗ್ಗದ್ದನ್ನು ಸ್ವಂತ ದುಡ್ಡಿನಲ್ಲಿ ತಂದಳು. ಪ್ರೊಸೆಸರ್ ಅಂದರೆ ಕಂಪ್ಯೂಟರಿನ ಮಿದುಳು, ಬಿಸ್ಕತ್ತಿನಷ್ಟಿರುತ್ತದೆ. ಅದನ್ನು ತನ್ನ ಪರೀಕ್ಷೆಯ ಮೇಜಿನ ಮೇಲೆ ಕೂರಿಸಿ, ವಾರವಿಡೀ ಓಡಿಸಿ, ಈ ಬೆಲೆಗೆ ಇದು ಬಂಗಾರ, ಕಣ್ಣು ಮುಚ್ಚಿಕೊಂಡು ತೆಗೆದುಕೊಳ್ಳಿ ಎಂದು ವಿಡಿಯೋ ಹಾಕಿದಳು. ಅದನ್ನು ನೋಡಿದವರು ತುಂಬ ಜನ. ಅವಳಿಗೇ ಆಶ್ಚರ್ಯ. ನೋಡಿದವರಲ್ಲಿ ಒಬ್ಬಳು ನನ್ನ ತಂಗಿ. ಅವಳು ಕಣ್ಣು ಮುಚ್ಚಿಕೊಂಡು ತೆಗೆದುಕೊಂಡಳು. ಅದೇ ಪ್ರೊಸೆಸರ್ ಇರುವ, ಅಂಗಡಿಯವರೇ ಜೋಡಿಸಿ ಕೊಡುವ ರೆಡಿಮೇಡ್ ಡಬ್ಬ.

ಆಮೇಲೆ ಕೆಲವು ದಿನ ತಂಗಿ ಫೋನ್ ಮಾಡಲಿಲ್ಲ. ಕೆಲಸ ಜೋರಾಗಿರಬೇಕು ಎಂದುಕೊಂಡೆ. ಬುಧವಾರ ಆ ಕಡೆ ಹೋದವನು ಅಂಗಡಿಗೆ ಇಣುಕಿದರೆ, ನನ್ನ ತಂಗಿ ಮೇಜಿನ ಕೆಳಗೆ ಕುಕ್ಕರಗಾಲಲ್ಲಿ ಕೂತು ಕಂಪ್ಯೂಟರಿಗೆ ರಟ್ಟಿನಿಂದ ಗಾಳಿ ಬೀಸುತ್ತಿದ್ದಾಳೆ. ಸ್ಟೂಲಿನ ಮೇಲೆ ಒಬ್ಬ ಹೆಂಗಸು ಉಗುರು ಕಚ್ಚುತ್ತ ಕೂತಿದ್ದಾಳೆ. ಬಸವನಹುಳುಗಳ ಮೇಲೆ ಥೀಸಿಸ್ ಬರೆದವಳಂತೆ. ಪುಟಪುಟಕ್ಕೂ ಬಸವನಹುಳುವಿನ ಫೋಟೋ. ಶುಕ್ರವಾರ ಕಾಲೇಜಿನ ಆಫೀಸು ಮುಚ್ಚುವುದರೊಳಗೆ ಬೈಂಡು ಮಾಡಿ ಕೊಡದಿದ್ದರೆ ಒಂದು ವರ್ಷ ಮುಂದಕ್ಕೆ. ಪರದೆಯ ಮೇಲೆ ಒಂದು ಬಸವನಹುಳುವಿನ ಅರ್ಧ ಶಂಖ ಕಾಣಿಸಿತ್ತು. ಉಳಿದರ್ಧ ಬರಲು ನಾವೆಲ್ಲ ಕಾಯುತ್ತಿದ್ದೆವು. ನಿಜವಾದದ್ದಾಗಿದ್ದರೆ ಅಷ್ಟರಲ್ಲಿ ಗೋಡೆ ದಾಟಿರುತ್ತಿತ್ತು.

ಸೀಸನ್ನಿನ ಮೊದಲ ಗಿರಾಕಿ ಇವಳು. ಇವಳಿಗೆ ಕೆಲಸ ಮಾಡಿಕೊಟ್ಟರೆ ಇವಳ ವಿಭಾಗದವರೆಲ್ಲ ಬರುತ್ತಾರೆ, ಇಲ್ಲದಿದ್ದರೆ ಎಲ್ಲರೂ ಟೋಕನ್ ತೆಗೆದುಕೊಳ್ಳುತ್ತಾರೆ. ತಂಗಿ ನನ್ನನ್ನು ಹೊರಗೆ ಎಳೆದುಕೊಂಡು ಬಂದಳು.

“ಅಣ್ಣ, ಹುಡುಗಿಗೆ ಹೇಳಬೇಡ. ಅವಳು ಪರೀಕ್ಷೆ ಮಾಡಿ ಹೇಳಿದಾಳೆ, ತಪ್ಪು ನನ್ನದೇ ಇರಬೇಕು. ನಂಗೇ ಓಡಿಸೋಕೆ ಬರ್ತಿಲ್ಲ.”

ನನ್ನ ಬಾಯಿಗೆ ಬೀಗ ಇಲ್ಲ ಎಂಬುದು ಗೊತ್ತಿದ್ದೂ ತಂಗಿ ಹಾಗೆ ಹೇಳಿದಳೆಂದರೆ, ಹೇಳು ಎಂದೇ ಅರ್ಥ ಎಂದು ನಾನು ತಿಳಿದುಕೊಂಡೆ. ಸಂಜೆ ಸೊಸೆ ಕೊನೆಯ ಮೆಟ್ಟಿಲು ಇಳಿಯುವುದರೊಳಗೆ ಅವಳಿಗೆ ಎಲ್ಲ ಹೇಳಿ ಮುಗಿಸಿದ್ದೆ. ಅವಳು ನಂಬಲಿಲ್ಲ. ತನ್ನ ಮೇಜಿನ ಮೇಲೆ ಅದು ಕುದುರೆಯ ಹಾಗೆ ಓಡಿತ್ತು, ಬೇಕಾದರೆ ತೋರಿಸುತ್ತೇನೆ ಎಂದು ನನ್ನನ್ನು ಮಹಡಿಗೆ ಕರೆದುಕೊಂಡು ಹೋದಳು.

ಆ ಮೇಜನ್ನು ನಾನು ಹತ್ತಿರದಿಂದ ನೋಡಿದ್ದು ಆವತ್ತೇ. ಡಬ್ಬವಿಲ್ಲ, ಎಲ್ಲ ಬಯಲಿನಲ್ಲಿ ಬಿಚ್ಚಿಟ್ಟಿತ್ತು. ಬಿಸ್ಕತ್ತಿನಷ್ಟಿದ್ದ ಆ ಬಡಪಾಯಿಯ ಮೇಲೆ ಇಟ್ಟಿಗೆಯಷ್ಟು ದೊಡ್ಡ ಫ್ಯಾನು. ಪಕ್ಕದಲ್ಲಿ ಬಣ್ಣದ ದೀಪದ ಗ್ರಾಫಿಕ್ಸ್ ಕಾರ್ಡು. ರ‍್ಯಾಮ್ ಕಡ್ಡಿಗಳು, ಅಂದರೆ ಕಂಪ್ಯೂಟರಿನ ಜ್ಞಾಪಕಶಕ್ತಿ, ಬೇಲಿಯ ಹಾಗೆ ಸಾಲಾಗಿ ನಿಂತಿದ್ದವು. ಕೋಣೆಗೆ ಏಸಿ. ಇವೆಲ್ಲ ಯಾತಕ್ಕಮ್ಮ ಎಂದೆ. ಪರೀಕ್ಷೆ ಅಂದರೆ ಹಾಗೇ ಮಾಡಬೇಕಂತೆ. ಉಳಿದದ್ದೆಲ್ಲ ಅತ್ಯುತ್ತಮವಾಗಿದ್ದರೆ, ಈ ಒಂದು ಸಾಮಾನಿನ ನಿಜವಾದ ತಾಕತ್ತು ಗೊತ್ತಾಗುತ್ತದಂತೆ. ಇವಳೊಬ್ಬಳಲ್ಲ, ಈ ಕಸುಬಿನವರೆಲ್ಲ ಹಾಗೇ ಮಾಡುವುದಂತೆ.

“ತಾಯಿ, ಬಸ್ಸಿಗೆ ಐದು ಹೊಸ ಟೈರು ಹಾಕಿ, ಆರನೇದು ಸವೆದದ್ದು ಹಾಕಿ ಓಡಿಸಿದ್ರೆ ಬಸ್ಸು ಓಡುತ್ತೆ,” ಎಂದೆ. “ಆದ್ರೆ ಆರೂ ಸವೆದದ್ದು ಹಾಕ್ಕೊಳ್ಳೋನು ನಿನ್ನ ಮಾತು ಕೇಳಿ ಹತ್ತಿದಾನಲ್ಲ.”

ಅವಳು ಕುರ್ಚಿಯಲ್ಲಿ ಕೂತು ದೀಪದ ಕಾರ್ಡನ್ನೇ ನೋಡುತ್ತಿದ್ದಳು. ಆಮೇಲೆ ಅದರ ದೀಪ ಆರಿಸಿದಳು.

ಗುರುವಾರ ಬೆಳಿಗ್ಗೆ ಇಬ್ಬರೂ ಅಂಗಡಿಗೆ ಹೋದೆವು. ಸೊಸೆ ತನ್ನ ಮೇಜಿನ ಮೇಲಿನ ಮಷೀನನ್ನೇ ಬಿಚ್ಚಿ ಚೀಲದಲ್ಲಿ ಹೊತ್ತುಕೊಂಡು ಬಂದಿದ್ದಳು, ಶುಕ್ರವಾರದ ಗಂಡಾಂತರ ಕಳೆಯಲಿ ಎಂದು. ತಂಗಿ ಆ ಚೀಲವನ್ನು ಒಳಗೇ ಬಿಡಲಿಲ್ಲ.

“ಅದನ್ನ ಸೋಮವಾರ ವಾಪಸ್ಸು ಒಯ್ತೀಯ. ಆಮೇಲೆ ನಾನೇನು ಮಾಡ್ಲಿ? ಈ ಡಬ್ಬನೇ ಸರಿ ಮಾಡು. ನಿನ್ನ ಮಾತು ಕೇಳಿ ತಗೊಂಡೋಳು ನಾನೊಬ್ಳೇ ಅಲ್ಲ.”

“ನಿಮ್ಮ ಕೆಲಸ ಹಾಳಾದ್ರೆ ಅತ್ತೆ?”

“ನಾಳೆ ಸಂಜೆವರೆಗೆ ಟೈಮಿದೆ. ಕೂತ್ಕೋ.”

ಬಸವನಹುಳು ಮೇಡಂ ಎದ್ದು ಸ್ಟೂಲು ಬಿಟ್ಟುಕೊಟ್ಟಳು, ಪಾಪ, ತನ್ನ ಒಂದು ವರ್ಷವನ್ನೇ ಬಿಟ್ಟುಕೊಟ್ಟ ಮುಖ ಮಾಡಿಕೊಂಡು. ಸೊಸೆ ಡಬ್ಬ ಬಿಚ್ಚಿದಳು. ಒಳಗೆ ಗಿಡ್ಡ ರ‍್ಯಾಮ್ ಕಡ್ಡಿ ಒಂದೇ ಒಂದು, ಪಕ್ಕದ ಜಾಗ ಖಾಲಿ. ಗ್ರಾಫಿಕ್ಸ್ ಕಾರ್ಡು ಇಲ್ಲದ್ದರಿಂದ ಫೋಟೋ ತೋರಿಸುವ ಕೆಲಸವೂ ಆ ಒಂದೇ ಕಡ್ಡಿಯ ತಲೆಯ ಮೇಲೆ ಬಿದ್ದಿತ್ತು. ಹತ್ತಿರದ ಅಂಗಡಿಯಿಂದ ಅದೇ ಜಾತಿಯ ಅಗ್ಗದ ಇನ್ನೊಂದು ಕಡ್ಡಿ ತಂದು ಸಿಕ್ಕಿಸಿದಳು. ಬಸವನಹುಳು ಪೂರ್ತಿಯಾಗಿ, ಕೊಂಬು ಸಮೇತ, ಪರದೆಗೆ ಬಂತು. ಮೇಡಂ ಚಪ್ಪಾಳೆ ತಟ್ಟಿದಳು. ನಾನು ಮನೆಗೆ ಹೊರಡಲು ಛತ್ರಿ ತೆಗೆದುಕೊಂಡೆ.

ಅಷ್ಟರಲ್ಲಿ ಮಧ್ಯಾಹ್ನ ಕಾಲೇಜು ಬಿಟ್ಟಿತು, ಡಬ್ಬ ಮತ್ತೆ ಕೂತುಬಿಟ್ಟಿತು, ನಾನೂ ಉಳಿದೆ. ಫ್ಯಾನು ಮಾತ್ರ ಗಂಟಲು ಹರಿದುಕೊಳ್ಳುತ್ತಿತ್ತು. ಸೊಸೆ ಮತ್ತೆ ಬಿಚ್ಚಿದಳು, ಮುಚ್ಚಿದಳು, ಬೆವರಿದಳು. ಇತ್ತ ಗುರುತಿನ ಚೀಟಿಗೆ ಲ್ಯಾಮಿನೇಷನ್ ಮಾಡಿಸಲು ಮಕ್ಕಳ ಗುಂಪು ನುಗ್ಗಿತ್ತು, ತಂಗಿ ಒಂದರ ಹಿಂದೊಂದು ಚೀಟಿ ಮಷೀನಿಗೆ ತುರುಕುತ್ತಿದ್ದಳು. ಗುಂಪು ಕರಗಿತು. ಸ್ವಲ್ಪ ಹೊತ್ತಿಗೆ ಡಬ್ಬ ತಾನಾಗಿ ಸರಿಹೋಯಿತು. ಸೊಸೆ ಮಾಡಿದ್ದೇನೂ ಇರಲಿಲ್ಲ. ಇನ್ನೊಂದು ಗುಂಪು ಬಂತು, ಮತ್ತೆ ಕೂತಿತು.

ಆಗ ಅವಳು ಸುಮ್ಮನೆ ಸ್ಟೂಲಿನ ಮೇಲೆ ಕೂತಳು. ಪರದೆ ನೋಡಲಿಲ್ಲ. ಚಪ್ಪಲಿ ಬಿಟ್ಟು ಕಾಲನ್ನು ಮೇಜಿನ ಕೆಳಗೆ ಚಾಚಿದಳು. ಚಾಚಿದವಳು ಎಳೆದುಕೊಂಡಳು.

“ಅತ್ತೆ, ಇಲ್ಲಿ ಬಿಸಿ ಗಾಳಿ ಎಲ್ಲಿಂದ ಬರ್ತಿದೆ?”

“ಲ್ಯಾಮಿನೇಷನ್ ಮಷೀನಿಂದು. ಚಳಿಗಾಲದಲ್ಲಿ ಹಿತವಾಗಿರುತ್ತೆ.”

ಆ ಮಷೀನಿನ ಬೆನ್ನು ನೆಟ್ಟಗೆ ಕಂಪ್ಯೂಟರಿನ ಮೂಗಿಗೆ ಆನಿಕೊಂಡಿತ್ತು. ಡಬ್ಬ ಉಸಿರು ಎಳೆದುಕೊಂಡಾಗಲೆಲ್ಲ ಒಲೆಯ ಗಾಳಿಯನ್ನೇ ಎಳೆದುಕೊಳ್ಳುತ್ತಿತ್ತು. ಹಳೆಯ ಕಂಪ್ಯೂಟರ್ ತೀರಿಕೊಂಡದ್ದು ಯಾಕೆಂದು ಆಗ ಅರ್ಥವಾಯಿತು, ತಂಗಿ ಎರಡು ನಿಮಿಷ ಮೌನವಾಗಿದ್ದಳು. ಡಬ್ಬವನ್ನು ಬೈಂಡಿಂಗ್ ರಟ್ಟುಗಳಿದ್ದ ಜಾಗಕ್ಕೆ, ರಟ್ಟುಗಳನ್ನು ಲ್ಯಾಮಿನೇಷನ್ ಪಕ್ಕಕ್ಕೆ, ನನ್ನನ್ನು ಅಂಗಡಿಯ ಹೊರಕ್ಕೆ ಸಾಗಿಸಿದರು. ಜಾಗ ಸಾಲದಾಯಿತಂತೆ.

ಶುಕ್ರವಾರ ಮಧ್ಯಾಹ್ನ ಥೀಸಿಸ್ಸಿನ ಕೊನೆಯ ಪುಟ ಪ್ರಿಂಟಾಯಿತು. ಅಂಟು ಒಣಗುವ ಮೊದಲೇ ಮೇಡಂ ಅದನ್ನು ಎದೆಗೆ ಅವಚಿಕೊಂಡು, ತಲೆ ಬಗ್ಗಿಸುವುದನ್ನು ಮರೆತು ಮೆಟ್ಟಿಲಿಗೆ ಹಣೆ ಬಡಿದುಕೊಂಡು, ರಸ್ತೆ ದಾಟಿ ಓಡಿದಳು. ಸಂಜೆ ಹಣೆಯ ಮೇಲೆ ಬುಗುಟೆ ಹೊತ್ತು ವಾಪಸ್ಸು ಬಂದಳು. ಜೊತೆಗೆ ಮತ್ತಿಬ್ಬರು. ಒಬ್ಬಳದು ಪಾಚಿಯ ಮೇಲೆ, ಇನ್ನೊಬ್ಬನದು ಮಿಡತೆಗಳ ಮೇಲೆ. ಇಬ್ಬರದೂ ಫೋಟೋಮಯ.

ಶನಿವಾರ ಸೊಸೆ ಅದೇ ಅಂಗಡಿಯಲ್ಲಿ ನಿಂತು ವಿಡಿಯೋ ಮಾಡಿದಳು. ಫೋನ್ ಹಿಡಿದದ್ದು ನಾನು. ಅರ್ಧ ವಿಡಿಯೋದಲ್ಲಿ ನನ್ನ ಹೆಬ್ಬೆರಳು ಬಂದಿದೆ, ಇರಲಿ. ತಾನು ಹಿಂದೆ ಹೇಳಿದ್ದು ತಪ್ಪು, ತಾನು ಪರೀಕ್ಷೆ ಮಾಡಿದ್ದು ಯಾರ ಮನೆಯಲ್ಲೂ ಇರದ ಕಂಪ್ಯೂಟರನ್ನು, ಇದನ್ನು ಕೊಂಡವರು ಇನ್ನೊಂದು ಕಡ್ಡಿ ಹಾಕಿಸಿ, ಬಿಸಿ ಗಾಳಿಯಿಂದ ದೂರ ಇಡಿ ಎಂದು ಮುಚ್ಚುಮರೆ ಇಲ್ಲದೆ ಹೇಳಿದಳು. ಕೊನೆಯಲ್ಲಿ ಅಂಕ ಕೊಡಬೇಕಲ್ಲ, ಅದು ಅವಳ ಪದ್ಧತಿ. ಹತ್ತಕ್ಕೆ ಇಷ್ಟು ಎಂದು. ತಂಗಿಯ ಕಡೆ ತಿರುಗಿದಳು.

“ಈಗ ಪರವಾಗಿಲ್ಲ ಅಂತ ಹೇಳ್ಬಹುದಾ ಅತ್ತೆ?”

ತಂಗಿ ಮಿಡತೆಗಳನ್ನು ಟೈಪ್ ಮಾಡುತ್ತಿದ್ದಳು, ತಲೆ ಎತ್ತಲಿಲ್ಲ. “ಒಂದು ಥೀಸಿಸ್ ಆಗಿದೆ ಅಷ್ಟೇ. ಸೀಸನ್ ಮುಗೀಲಿ.”

“ಎರಡು ತಿಂಗಳಾ? ಜನ ಈಗ್ಲೇ ಕೇಳ್ತಾರೆ.”

“ನಾನು ಇದನ್ನ ವರ್ಷಗಟ್ಟಲೆ ಇಟ್ಕೋಬೇಕು. ಅವ್ರು ಎರಡು ತಿಂಗಳು ಕಾಯೋಕಾಗಲ್ವಾ?”

ಸೊಸೆ ಒಂದು ಗಳಿಗೆ ಯೋಚಿಸಿ, ‘ಇನ್ನೂ ಗೊತ್ತಿಲ್ಲ, ಸೀಸನ್ ಮುಗಿದ ಮೇಲೆ ಹೇಳುತ್ತೇನೆ’ ಎಂದು ಮುಗಿಸಿಬಿಟ್ಟಳು. ಅಂಕವೂ ಇಲ್ಲ, ಏನೂ ಇಲ್ಲ. ಕೆಳಗೆ ಜನ ಬರೆದ ಬೈಗುಳಗಳನ್ನು ನಾನು ಒಂದೊಂದಾಗಿ ತಂಗಿಗೆ ಓದಿ ಹೇಳಿದೆ. ಅಂಕ ಕೊಡದ ವಿಮರ್ಶೆ ಎಂಥದ್ದು ಎಂದು ಒಬ್ಬ, ಎರಡು ತಿಂಗಳು ಯಾರು ಕಾಯುತ್ತಾರೆ, ಎಲ್ಲರಿಗೂ ಅವಸರ ಎಂದು ಇನ್ನೊಬ್ಬ.

“ಅವಸರ ಇರೋರು ಬಂದು ಇಲ್ಲಿ ಕೂತ್ಕೊಂಡು ನೋಡ್ಲಿ,” ಎಂದಳು ತಂಗಿ. “ಪಾಚಿ ಮುಗಿಸಿ ಆಮೇಲೆ ಸ್ಟೂಲು ಕೊಡ್ತೀನಿ.”