ಸೋನಾರಿನ ಕಣ್ಣು ಯಾವ ಮಗ್ಗುಲಿಗೆ

ದೋಣಿಗೆ ಕೊರೆದ ತೂತೂ ಬಾಯಿಂದ ಬಿದ್ದ ಮಾತೂ ಒಂದೇ, ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಆದ್ದರಿಂದಲೇ ಆರ್ವೆಲ್ ಟಗಲ್ ಡ್ರಿಲ್ ಯಂತ್ರವನ್ನು ಕೈಯಲ್ಲಿ ಹಿಡಿದು, ಮನೆಯ ಹಿಂದಿನ ತಗಡಿನ ಕೊಟ್ಟಿಗೆಯಲ್ಲಿ ತನ್ನ ದೋಣಿಗೆ ಪ್ರದಕ್ಷಿಣೆ ಹಾಕುತ್ತ ಬೆಳಗೆಲ್ಲ ಕಳೆದಿದ್ದ. ಒಳಗೆ ಬಂದು ಕಾಫಿ ಕುಡಿ ಎಂದು ಕರೆಯುವವರಿರಲಿಲ್ಲ. ಹೆಂಡತಿ ದೇವರ ಪಾದ ಸೇರಿ ಬಹಳ ವರ್ಷವಾಗಿತ್ತು.

ತೂತು ಕೊರೆಯಬೇಕಾಗಿದ್ದುದು ಸೋನಾರಿಗೆ. ಮುಷ್ಟಿಗಿಂತ ತುಸು ದೊಡ್ಡ ಕರಿಯ ಡಬ್ಬಿಯೊಂದನ್ನು ನೀರಿಗೆ ಇಳಿಬಿಟ್ಟರೆ ಅದು ಸದ್ದು ಕಳಿಸುತ್ತದೆ. ತಿರುಗಿ ಬಂದ ಸದ್ದನ್ನು ಹಿಡಿದು, ಮುಂದೆ ನೀರಲ್ಲಿ ಮುಳುಗಿರುವ ಮರದ ಬೊಡ್ಡೆ ಯಾವುದು, ಮೀನು ಯಾವುದು, ಮೀನು ಯಾವ ಕಡೆಗೆ ಹೊರಳಿತು ಎಂಬುದನ್ನೆಲ್ಲ ಆಗಿಂದಾಗಲೇ ಪರದೆಯ ಮೇಲೆ ತೋರಿಸುತ್ತದೆ. ಪೆಟ್ಟಿಗೆಯ ಮೇಲೆ ಟ್ರಾನ್ಸ್‌ಡ್ಯೂಸರ್ ಎಂದು ಅಚ್ಚಾಗಿದ್ದರೂ ಆರ್ವೆಲ್ ಅದನ್ನು ಕಣ್ಣು ಎನ್ನುತ್ತಿದ್ದ.

ಕಳೆದ ವರ್ಷ ಆ ಕಣ್ಣನ್ನು ದೋಣಿಯ ಮೂತಿಯಲ್ಲಿರುವ ಬ್ಯಾಟರಿ ಮೋಟಾರಿನ ದಂಡಕ್ಕೇ ಬಿಗಿದಿದ್ದ. ಎನಿಡ್ ಅಣೆಕಟ್ಟಿನ ಹಿನ್ನೀರಿನಲ್ಲಿ ಬಹಳ ಮಂದಿ ಬಿಗಿಯುವುದು ಅಲ್ಲಿಯೇ. ಕಾಲಡಿಯ ತುಳಿಹಲಗೆ ಒತ್ತಿದರೆ ಮೋಟಾರು ತಿರುಗುತ್ತದೆ, ಮೋಟಾರಿನೊಂದಿಗೆ ಕಣ್ಣೂ ತಿರುಗುತ್ತದೆ. ದೋಣಿ ನಡೆಸುವುದು, ಮೀನು ಹುಡುಕುವುದು, ಗಾಳ ಬಿಡುವುದು, ಎಲ್ಲವನ್ನೂ ಒಬ್ಬನೇ ಮಾಡಬಹುದು. ಒಬ್ಬನೇ. ಕೇಡು ಇರುವುದೂ ಆ ಮಾತಿನಲ್ಲಿಯೇ ಎಂದು ತಿಳಿಯಲು ಆರ್ವೆಲ್‌ಗೆ ಒಂದು ಚಳಿಗಾಲ ಹಿಡಿಯಿತು.

ಅದಕ್ಕೆ ಮೊದಲು ಅದು ಇಬ್ಬರ ದೋಣಿ. ಇನ್ನೊಬ್ಬ ಹೋಜಿ, ಊರ ಚರ್ಚಾದ ಬೆತೆಲ್ ಸಭೆಯ ಹಿರಿಯ ಡೀಕನ್, ಎಂದರೆ ಪಾದ್ರಿಗೆ ನೆರವಾಗುವ ಸಭಾಸೇವಕ. ಹೆತ್ತವರು ಇಟ್ಟದ್ದು ಪ್ರವಾದಿ ಹೋಶೇಯನ ಹೆಸರು. ಊರ ಬಾಯಲ್ಲಿ ಅದು ತೇದು ಹೋಜಿಯಾಗಿತ್ತು. ಆರಾಧನೆಯ ಹೊತ್ತು ಬೆಂಚಿನಲ್ಲಿ ಅವನ ಪಕ್ಕ ಕೂರುವ ಡೀಕನ್ ಆರ್ವೆಲ್. ದೋಣಿಯಲ್ಲಿಯೂ ಹಾಗೆಯೇ, ಮೂತಿಯಲ್ಲಿ ಅಕ್ಕಪಕ್ಕ ಎರಡು ಕುರ್ಚಿ. ಎದುರಿಗೆ ಬೀಸಣಿಗೆಯಂತೆ ಹರಡಿದ ಗಾಳದ ಕೋಲುಗಳು. ಯಾವ ಕೋಲಿನ ತುದಿ ಬಾಗೀತು ಎಂದು ಕಾಯುವುದಷ್ಟೇ ಕೆಲಸ. ಕಾಯುವವರಿಗೆ ಮಾತು ತಾನಾಗಿ ಬರುತ್ತದೆ. ಮಾತು ಮುಗಿದರೆ ಮೌನ ಬರುತ್ತದೆ, ಅದೂ ಇಬ್ಬರದೇ.

ಸೋನಾರು ಬಂದ ಮೇಲೆ ಕಾಯುವುದು ನಿಂತಿತು. ಕಾಣುವಾಗ ಕಾಯುವುದೇಕೆ? ಪರದೆಗೆ ಜಾಗ ಬೇಕೆಂದು ಆರ್ವೆಲ್ ಒಂದು ಕುರ್ಚಿ ಕಿತ್ತು ಕೊಟ್ಟಿಗೆಯಲ್ಲಿಟ್ಟ. ಹೋಜಿ ಕೈಬಲೆ ಹಿಡಿದು ಹಿಂಬದಿಗೆ ಹೋಗಿ ಕೂತ. ಅಲ್ಲಿಂದ ಪರದೆ ಕಾಣುತ್ತಿರಲಿಲ್ಲ. ಕಾಣುತ್ತಿದ್ದುದು ಆರ್ವೆಲ್‌ನ ಬೆನ್ನು.

ನವೆಂಬರಿನಲ್ಲಿ ಒಂದು ದಿನ ಆರ್ವೆಲ್‌ನ ಗಾಳಕ್ಕೆ ಆ ವರ್ಷದ ದೊಡ್ಡ ಕ್ರಾಪಿ ಬಿತ್ತು. ಕ್ರಾಪಿ ಮೀನಿನ ತುಟಿ ಕಾಗದದಷ್ಟು ತೆಳು. ಕೆಳಗೆ ಬಲೆ ಒಡ್ಡದೆ ಎತ್ತಿದರೆ ಹರಿದುಕೊಂಡು ಹೋಗುತ್ತದೆ. “ಬಲೆ!” ಎಂದು ಕೂಗಿದ. ಬಲೆ ಬರಲಿಲ್ಲ. ಹಿಂದೆ ನೀರಿಗೆ ಏನೋ ಬಿದ್ದ ಸದ್ದಾಯಿತು, ಮೀನು ಹರಿದುಕೊಂಡಿತು. ಪರದೆಯಿಂದ ಕಣ್ಣು ತೆಗೆಯದೆಯೇ ಆರ್ವೆಲ್, “ಬಲೆ ಹಿಡಿಯೋಕೂ ಆಗ್ದಿದ್ರೆ ಯಾಕೋ ಬರ್ತೀಯ? ದೋಣಿಗೆ ಭಾರ!” ಎಂದ. ದಡ ಸೇರಿದ ಮೇಲೆ ಹೋಜಿ ತಿರುಗಿ ನೋಡದೆ ಇಳಿದು ಹೋದ. ಮುಂದಿನ ಶನಿವಾರ ಹೋಜಿಗೆ ಮಂಡಿನೋವು, ಅದರ ಮುಂದಿನ ಶನಿವಾರ ಚಳಿ, ಆಮೇಲೆ ನೆಪವೂ ಇಲ್ಲ.

ಮಾತು ಬಿಟ್ಟಿದ್ದರೆ ಹೇಗೋ ಸಹಿಸಬಹುದಿತ್ತು. ತಿಂಗಳ ಮೊದಲ ಭಾನುವಾರ, ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನ ಮುಗಿದ ಮೇಲೆ, ಸಭೆಯವರೆಲ್ಲ ಎದ್ದು ಬಂದು ಒಬ್ಬರಿಗೊಬ್ಬರು ಬಲಗೈ ಕೊಡುವುದು ಬೆತೆಲ್‌ನ ಪದ್ಧತಿ. ಎದೆಯಲ್ಲಿ ಕಹಿಯಿದ್ದವನು ಕೈ ಕೊಡಬಾರದು. ಕೊಟ್ಟ ಮೇಲೆ ಕಹಿ ಇಟ್ಟುಕೊಳ್ಳಬಾರದು. ಡಿಸೆಂಬರಿನಲ್ಲಿ ಹೋಜಿ ಬೆಂಚು ಬಿಟ್ಟು ಏಳಲಿಲ್ಲ. ಬಲಗೈ ಕೋಟಿನ ಜೇಬಿನಲ್ಲೇ ಇತ್ತು. ಜನವರಿಯಲ್ಲೂ ಅಷ್ಟೆ, ಫೆಬ್ರವರಿಯಲ್ಲೂ ಅಷ್ಟೆ. ರೊಟ್ಟಿಯ ತಟ್ಟೆ ಹಿಡಿದು ಆರ್ವೆಲ್‌ನ ಜೊತೆ ಸಾಲುಗಳ ನಡುವೆ ನಡೆಯುವುದನ್ನೂ ಬಿಟ್ಟ. ಒಂದು ಮಾತಿಗೆ ಇಷ್ಟು ಸಿಟ್ಟೇ ಎಂದು ಆರ್ವೆಲ್‌ಗೆ ಮೊದಲು ಸಿಟ್ಟು ಬಂತು, ಆಮೇಲೆ ಅಳು ಬಂತು. ಕೇಳಬಹುದಿತ್ತು. ಆದರೆ ಕೇಳಿದರೆ ಉತ್ತರ ಬರುತ್ತದಲ್ಲ, ಆ ಭಯ.

ಉಪಾಯ ಹೊಳೆದದ್ದು ಆರಾಧನೆಯಲ್ಲಿಯೇ. ಬೆತೆಲ್‌ನಲ್ಲಿ ಹಳೆಯ ಕೀರ್ತನೆಗಳಿಗೆ ಪುಸ್ತಕ ತೆರೆಯುವುದಿಲ್ಲ. ಒಬ್ಬ ಡೀಕನ್ ಸಾಲು ಹೇಳಿಕೊಡುತ್ತಾನೆ, ಸಭೆ ಅದನ್ನು ಎತ್ತಿಕೊಂಡು, ಎಳೆದು, ಹೊಳೆಯಂತೆ ಹಾಡುತ್ತದೆ. ಒಂದು ಭಾನುವಾರ ಹೋಜಿ ಕೂತಲ್ಲಿಂದಲೇ ಸಾಲು ಹೇಳಿದ. ಉಳಿದವರ ಜೊತೆ ಆರ್ವೆಲ್‌ನ ಗಂಟಲೂ ತಾನಾಗಿ ಎದ್ದಿತು. ಇವನು ಹೇಳುವವನು, ನಾನು ಹಾಡುವವನು. ಇಂಥವನ ಕೈಗೆ ಬಲೆ ಕೊಟ್ಟು ಹಿಂದೆ ಕೂರಿಸಿದೆನಲ್ಲ ದೇವರೇ, ಎಂದುಕೊಂಡ.

ಹಾಗಾಗಿ ಈಗ ಕಣ್ಣನ್ನು ಮೋಟಾರಿನಿಂದ ಬಿಚ್ಚಿ ಬೇರೆ ಕಂಬಕ್ಕೆ ಹಾಕುವುದು. ಕಂಬಕ್ಕೆ ಮೇಲೊಂದು ಹಿಡಿ. ಹೋಜಿ ಹಿಡಿ ತಿರುಗಿಸಿ ಮೀನು ಎಲ್ಲಿದೆ ಎಂದು ಹೇಳಬೇಕು, ಆರ್ವೆಲ್ ಅಲ್ಲಿಗೆ ಗಾಳ ಬಿಡಬೇಕು. ಒಬ್ಬನಿಂದ ಆಗದ ಕೆಲಸ. ಕುರ್ಚಿಯನ್ನು ತಂದು ಅದರ ಹಳೆಯ ಜಾಗದಲ್ಲಿ, ಬಲಗಡೆ, ನಿಲ್ಲಿಸಿದ. ಕಣ್ಣು ದೋಣಿಯ ತಳಕ್ಕಿಂತ ಒಂದು ಗೇಣು ಕೆಳಗಿರಬೇಕು, ಇಲ್ಲದಿದ್ದರೆ ದೋಣಿಯ ಹೊಟ್ಟೆಯೇ ಅಡ್ಡ ಬರುತ್ತದೆ. ಮೋಟಾರು ಎಬ್ಬಿಸುವ ಗುಳ್ಳೆಗಳಿಂದ ದೂರವಿರಬೇಕು. ಕಂಬ ಮಡಚುವಾಗ ತಂತಿ ಸಿಕ್ಕಿಕೊಳ್ಳಬಾರದು. ಎಲ್ಲ ಅಳೆದು, ಮೋಟಾರು ಎಡಗಡೆ ಇರುವುದರಿಂದ ಕಂಬಕ್ಕೆ ಬಲ ಅಂಚೇ ಸರಿ ಎಂದು ನಿಶ್ಚಯಿಸಿ, ಒಂದು ಸಣ್ಣ ಪ್ರಾರ್ಥನೆ ಹೇಳಿ ಕೊರೆದ. ಅಲ್ಯೂಮಿನಿಯಂ ಚೂರು ಬೆಳ್ಳಿಯ ಸುರುಳಿಯಾಗಿ ಬೂಟಿನ ಮೇಲೆ ಬಿತ್ತು.

ಮರುದಿನ ಬೆಳಗ್ಗೆ ಪರೀಕ್ಷೆಗೆಂದು ಒಬ್ಬನೇ ಹಿನ್ನೀರಿಗೆ ಹೋದ. ಗಾಳಿಯಿಲ್ಲದ ದಿನ. ಎಡಗಡೆಯ ತನ್ನ ಕುರ್ಚಿಯಲ್ಲಿ ಕೂತರೆ ಹಿಡಿ ಎಟಕುವುದಿಲ್ಲ. ಬಲಗಡೆ ಕೂತು ಹಿಡಿ ತಿರುಗಿಸಿದರೆ ಕಾಲಿಗೆ ತುಳಿಹಲಗೆ ಸಿಗುವುದಿಲ್ಲ. ಮುಳುಗಿದ ಬೊಡ್ಡೆಯೊಂದರ ಪಕ್ಕ ಮೀನು ನಿಂತದ್ದು ಕಂಡಿತು. ಎದ್ದು ಆ ಕಡೆಗೆ ಹೋಗಿ ಗಾಳ ಬಿಡುವಷ್ಟರಲ್ಲಿ ದೋಣಿ ಹೊರಳಿ ಪರದೆ ಬರಿದಾಯಿತು. ಇತ್ತ ಬಂದ, ಅತ್ತ ಹೋದ. ಕೊನೆಗೆ ನಡುವೆ ನಿಂತುಬಿಟ್ಟ. ಸೋನಾರಿನ ಕಣ್ಣು ತನ್ನಷ್ಟಕ್ಕೆ ಖಾಲಿ ನೀರನ್ನು ನೋಡುತ್ತಿತ್ತು. ಇದು ಸರಿಯಾಗಿಯೇ ಇದೆ, ಎಂದುಕೊಂಡ ಆರ್ವೆಲ್. ಇನ್ನೊಬ್ಬ ಬಾರದಿದ್ದರೆ ಇನ್ನು ಈ ದೋಣಿ ಮೀನು ಹಿಡಿಯುವುದಿಲ್ಲ.

ಹಿನ್ನೀರಿನಿಂದ ನೇರ ಹೋಜಿಯ ಮನೆಗೆ ಗಾಡಿ ಬಿಟ್ಟ, ಹಿಂದೆ ಟ್ರೇಲರಿನ ಮೇಲೆ ದೋಣಿ. ಹೋಜಿಯ ಹೆಂಡತಿ ವಿಲಾ ಮೇ ಜಗುಲಿಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು.

“ಏನ್ ಆರ್ವೆಲಣ್ಣ, ದಾರಿ ತಪ್ತಾ? ಹಿನ್ನೀರು ಆ ಕಡೆ ಇರೋದು.”

“ತಪ್ಪಿದ್ದು ಹೌದು ತಂಗಿ. ನಿನ್ನ ಯಜಮಾನ ಇದಾನಾ?”

“ಇದಾರೆ. ಬೆಂಕಿಕಡ್ಡಿ ಥರ ಆಗಿದಾರೆ, ನೋಡ್ಕೊಂಡು ಗೀರಿ.”

ಹೋಜಿ ಬಾಗಿಲಿಗೆ ಬಂದ. ಬಿಸಿಲಿದ್ದರೂ ಕೋಟು, ಬಲಗೈ ಜೇಬಿನಲ್ಲಿ. “ಓಹೋ, ಟೀವಿ ಡೀಕನ್! ಏನು, ಮೀನೆಲ್ಲ ಮುಗೀತಾ, ಜನರನ್ನ ಹಿಡಿಯೋಕೆ ಹೊರಟ್ಯಾ?”

“ಹತ್ತೋ. ಒಂದ್ಸಲ ಕೂತು ನೋಡು. ಆಮೇಲೆ ಬೈಯುವಿಯಂತೆ.”

“ಒಣ ನೆಲದಲ್ಲಿ ದೋಣಿ ಹತ್ತೋಕೆ ನಾನೇನು ಪ್ರಳಯದ ನೋಹನೇನೋ?”

ಅಂದರೂ ಬಂದ. ಟ್ರೇಲರಿನ ಗಾಲಿಯ ಮೇಲೆ ಕಾಲಿಟ್ಟು, ಎಡಗೈಯಲ್ಲಿ ಅಂಚು ಹಿಡಿದ. ಮೇಲೇರಲು ಆಗಲಿಲ್ಲ, ಆರ್ವೆಲ್ ಹಿಂದಿನಿಂದ ತಳ್ಳಿ ಹತ್ತಿಸಿದ. ಹೋಜಿ ತನ್ನ ಹಳೆಯ ಕುರ್ಚಿಯಲ್ಲಿ ಕೂತು ಎದುರಿನ ರಸ್ತೆ ನೋಡಿದ.

“ಈ ಹಿಡಿ ನಿನ್ನದು,” ಎಂದ ಆರ್ವೆಲ್. ಹೇಳಬೇಕೆಂದುಕೊಂಡ ಮಾತೆಲ್ಲ ಒಮ್ಮೆಗೇ ಹೊರಬಂತು. “ನೀನು ತಿರುಗ್ಸು, ಎಲ್ಲಿದೆ ಅಂತ ಹೇಳು. ನಾನು ಅಲ್ಲಿಗೇ ಬಿಡ್ತೀನಿ. ಭಾನುವಾರ ನೀನು ಸಾಲು ಹೇಳ್ಕೊಡಲ್ವಾ, ಹಂಗೆ. ನೀನಿಲ್ದೆ ಇದು ನಡಿಯೋದೇ ಇಲ್ಲ, ಬೇಕಂತ್ಲೇ ಹಂಗೆ ಮಾಡಿದೀನಿ.”

ಹೋಜಿ ಹಿಡಿಯನ್ನು ನೋಡಿದ. ಎಡಗೈಯನ್ನು ಹೊಟ್ಟೆಯ ಮೇಲಿಂದ ಅಡ್ಡ ಚಾಚಿ, ಮೈಯನ್ನೆಲ್ಲ ತಿರುಚಿಕೊಂಡು ಅದನ್ನು ಮುಟ್ಟಿದ.

“ಹಂಗಲ್ವೋ, ಬಲಗೈಲಿ! ಬಲಗೈಗೇನು ಜೇಬಲ್ಲಿ ಉಪವಾಸವಾ?”

ಜಗುಲಿಯಲ್ಲಿ ಸೊಪ್ಪು ಬಿಡಿಸುವ ಸದ್ದು ನಿಂತಿತು. ಹೋಜಿ ಎಡಗೈಯಿಂದ ಬಲಗೈಯನ್ನು ಜೇಬಿನಿಂದ ಎತ್ತಿ, ಯಾರದೋ ವಸ್ತುವನ್ನು ಇಡುವಂತೆ ತೊಡೆಯ ಮೇಲಿಟ್ಟ. ಬೆರಳುಗಳು ಅರೆಮಡಚಿ ಹಾಗೇ ಇದ್ದವು.

“ಇಗೋ. ನೋಡ್ಕೋ.”

“ಯಾವಾಗಿಂದ?” ಎಂದ ಆರ್ವೆಲ್.

“ಸಣ್ಣ ಲಕ್ವ ಅಂದ್ರು ಡಾಕ್ಟ್ರು. ನಿನ್ನ ದೊಡ್ಡ ಮೀನು ಬಿತ್ತಲ್ಲ, ಅವತ್ತಿಂದ. ನೀನು ಬಲೆ ಅಂದೆ. ಬಲೆ ಇತ್ತು, ಕೈ ಇರ್ಲಿಲ್ಲ.”

“ಹೇಳ್ಬಾರ್ದಾಗಿತ್ತೇನೋ?”

“ಬೆನ್ನಿಗೆ ಏನಂತ ಹೇಳ್ಲಿ?”

“ಯಾರಿಗೂ ಹೇಳ್ಬೇಡ ಅಂದಿದ್ರು ಆರ್ವೆಲಣ್ಣ,” ಎಂದಳು ವಿಲಾ ಮೇ. “ತಟ್ಟೆ ಬೀಳಿಸ್ಬಿಟ್ರೆ ಅಂತ ಭಯ. ಎಡಗೈ ಕೊಟ್ರೆ ಜನ ಕೇಳ್ತಾರೆ ಅಂತ ಬೆಂಚು ಬಿಟ್ಟೇ ಏಳಲ್ಲ.”

ಕೊಡದ ಕೈ ಎಂದು ಮೂರು ತಿಂಗಳು ಎಣಿಸಿದ್ದು ಕೊಡಲಾಗದ ಕೈ. ಆರ್ವೆಲ್ ದೋಣಿಯ ಅಂಚಿಗೆ ಒರಗಿ ನಿಂತ. ತಾನು ಹೊಸದಾಗಿ ಬಿಗಿದ ತಿರುಪುಗಳು ಬಿಸಿಲಿಗೆ ಮಿನುಗುತ್ತಿದ್ದವು. ಗೇಣು ಅಳೆದಿದ್ದ, ಗುಳ್ಳೆ ನೋಡಿದ್ದ, ತಂತಿ ನೋಡಿದ್ದ. ಕೂರುವ ಮನುಷ್ಯನೊಬ್ಬನನ್ನು ನೋಡಿರಲಿಲ್ಲ. ಕ್ಷಮಿಸು ಎನ್ನಲು ಬಾಯಿ ತೆರೆದ. ಆದರೆ ಹೋಜಿ ಬೇರೆ ಕಡೆ ನೋಡುತ್ತಿದ್ದ, ಆ ಮಾತು ಅವನಿಗೆ ಬೇಡವೆಂಬಂತೆ. ಆರ್ವೆಲ್ ಗಾಡಿಯಿಂದ ಡ್ರಿಲ್ ತಂದ.

“ಈ ಕಡೆ ಕುರ್ಚಿಗೆ ಬಾ. ನನ್ನದಕ್ಕೆ. ಎಡಗೈ ಚಾಚು.”

“ಏ ಹುಚ್ಚಾ, ಈ ಕಡೆ ಮೋಟಾರಿದೆ. ಅದರ ಹಿಂದೆ ಕಣ್ಣು ಹಾಕಿದ್ರೆ ಮೋಟಾರಿನ ದಂಡ ಅಡ್ಡ ಬರತ್ತೆ. ಪರದೇಲಿ ಒಂದು ಪಾಲು ಯಾವಾಗ್ಲೂ ಕತ್ತಲೆ.”

“ಇರ್ಲಿ ಬಿಡು.”

“ಆ ಪಾಲಲ್ಲಿ ಇರೋ ಮೀನು?”

“ಅವೂ ದೇವರ ಮಕ್ಕಳೇ, ಬದುಕ್ಕೊಳ್ಳಲಿ. ಕೈ ಚಾಚು ಅಂದೆ.”

ಹೋಜಿ ನಗಲಿಲ್ಲ. ಶನಿವಾರ ಮೀನಿಗೆ ಬರುತ್ತೇನೆಂದೂ ಹೇಳಲಿಲ್ಲ. ಆದರೆ ಎಡಗಡೆಯ ಕುರ್ಚಿಗೆ ಸರಿದು ಕೂತು ಎಡಗೈ ಚಾಚಿದ. ಅಂಗೈ ಎಲ್ಲಿ ದಣಿಯದೆ ನಿಂತಿತೋ ಅಲ್ಲಿ ಆರ್ವೆಲ್ ಸೀಸದ ಕಡ್ಡಿಯಿಂದ ಗುರುತು ಹಾಕಿದ. ಕೊರೆದು ಮುಗಿದ ಮೇಲೆ ಹೋಜಿಯನ್ನು ಇಳಿಸುವಾಗ ತೋಳಲ್ಲಿ ಹಿಡಿದುಕೊಳ್ಳಬೇಕಾಯಿತು. ಎಷ್ಟು ಹಗುರಾಗಿದ್ದ! ಮನೆಗೆ ಹೋಗುವ ದಾರಿಯುದ್ದಕ್ಕೂ ಆ ಹಗುರ ಆರ್ವೆಲ್‌ನ ತೋಳಲ್ಲೇ ಇತ್ತು. ಬಲ ಅಂಚಿನ ಖಾಲಿ ತೂತುಗಳಿಗೆ ಸಂಜೆ ಅಂಟು ತುಂಬಿದ, ತುಳಿಹಲಗೆಯನ್ನು ಬಲಗಡೆಯ ಕುರ್ಚಿಯ ಮುಂದಕ್ಕೆ ಸರಿಸಿದ. ಅನ್ನಕ್ಕೆ ಕೂತಾಗ ಪ್ರಾರ್ಥನೆ ಅರ್ಧಕ್ಕೇ ನಿಂತಿತು.

ಶನಿವಾರ ದೋಣಿ ಇಳಿಸುವ ಜಾಗದಲ್ಲಿ ಕಾದ. ಒಂದೊಂದೇ ದೋಣಿ ಹೊರಟುಹೋದವು. ಒಂದೊಂದರಲ್ಲೂ ಒಬ್ಬೊಬ್ಬನೇ, ಪರದೆಗೆ ತಲೆ ಬಾಗಿಸಿಕೊಂಡು. ಬಿಸಿಲೇರಿದ ಮೇಲೆ ವಿಲಾ ಮೇಯ ಕಾರು ಬಂತು. “ಊಟಕ್ಕೆ ಮುಂಚೆ ಕಳಿಸ್ಬಿಡಿ ಅಣ್ಣ,” ಎಂದು ಹೋಜಿಯನ್ನು ಇಳಿಸಿ ಹೊರಟಳು.

ಬೊಡ್ಡೆಗಳ ನಡುವೆ ಹೋದ ಮೇಲೆ ಹೋಜಿ ಹಿಡಿ ತಿರುಗಿಸತೊಡಗಿದ. ಎಡಗೈ ಇನ್ನೂ ಕಲಿತಿರಲಿಲ್ಲ. ಬೇಕಾದಲ್ಲಿ ನಿಲ್ಲದೆ ದಾಟಿ ಹೋಗುತ್ತಿತ್ತು. “ಹನ್ನೊಂದು ಗಂಟೆ ದಿಕ್ಕಿಗೆ... ಇಪ್ಪತ್ತಡಿ... ಆಳ ಎಂಟು,” ಎನ್ನುತ್ತಿದ್ದ, ಎಳೆದು. ಆರ್ವೆಲ್ ಗಾಳ ಬಿಡುತ್ತಿದ್ದ. ಎರಡು ಸಲ ತಪ್ಪಿತು. ಮೂರನೆಯ ಸಲ ಒಂದು ಮೀನು ಗಾಳದ ಹತ್ತಿರ ಬಂದು, ನೋಡಿ, ಮೆಲ್ಲಗೆ ಎಡಕ್ಕೆ ಹೊರಳಿ ಮೋಟಾರಿನ ಕರಿನೆರಳಿನೊಳಗೆ ಹೊಕ್ಕಿತು.

“ಹೋಯ್ತು. ಕತ್ತಲೆಗೆ ಹೋಯ್ತು.”

“ದೋಣಿ ತಿರುಗಿಸ್ಲಾ?”

“ಬೇಡ. ಅದಾಗೇ ಬರತ್ತೆ.”

ಆರ್ವೆಲ್ ತುಳಿಹಲಗೆಯಿಂದ ಕಾಲು ತೆಗೆದ. ದೋಣಿ ನಿಂತಿತು. ನೋಡಲು ಏನೂ ಇರಲಿಲ್ಲ. ದೂರದಲ್ಲಿ ಒಂದು ಬಿಳಿಯ ಹಕ್ಕಿ ಕಾಲೆತ್ತಿ ಇಟ್ಟಿತು.

“ಅವತ್ತು,” ಎಂದ ಹೋಜಿ, ನೀರಿನ ಕಡೆಗೆ, “ಬಲೆ ಜಾರಿ ಬಿತ್ತಲ್ಲ, ಸತ್ತೇ ಹೋದೆ ಅಂದ್ಕೊಂಡೆ ಕಣೋ. ಕೂಗೋಣ ಅಂದ್ರೆ ನಾಲಿಗೆ ಹೊರಳ್ಲಿಲ್ಲ. ನೀನು ಒಂದು ಕೋಲಿನಷ್ಟು ದೂರದಲ್ಲಿದ್ದೆ.”

ಆರ್ವೆಲ್ ಗಾಳದ ಕೋಲನ್ನು ಕೆಳಗಿಟ್ಟು ಕುರ್ಚಿಯನ್ನು ಅವನ ಕಡೆಗೆ ತಿರುಗಿಸಿದ.

“ಹೇಳು,” ಎಂದ.

ಹೋಜಿ ಹೇಳುತ್ತ ಹೋದ.