ಗೀಟಣ್ಣನ ಕಂಪ್ಯೂಟರನ್ನು ಯಾರೂ ಮುಟ್ಟಲಿಲ್ಲ

ಮನೆಗಳ ನಕ್ಷೆ ಬರೆಯುವ ಆ ಕಚೇರಿಯಲ್ಲಿ ಬೆಳಗಿನಿಂದ ಒಂದು ಫೈಲೂ ನೆಟ್ಟಗೆ ತೆರೆಯುತ್ತಿರಲಿಲ್ಲ. ಎಲ್ಲರ ಬೈಗುಳ ತಿನ್ನಲು ಇದ್ದವಳು ಒಬ್ಬಳೇ, ನೆಟ್‌ವರ್ಕ್ ನೋಡಿಕೊಳ್ಳುವ ವೈರಮ್ಮ. ಹೆತ್ತವರು ಇಟ್ಟ ಹೆಸರು ಬೇರೆ. ಸದಾ ಮೇಜಿನಡಿ ತೂರಿ ವೈರಿನ ಜೊತೆ ಗುದ್ದಾಡುವವಳಿಗೆ ಈ ಹೆಸರು ಅಂಟಿಸಿದವನು ಅವಳ ಸ್ವಂತ ಅಣ್ಣ. ಅವನೂ ಅಲ್ಲೇ ಗೀಟು ಎಳೆದು ನಕ್ಷೆ ಬರೆಯುತ್ತಿದ್ದ. ಸೇಡು ತೀರಿಸಿಕೊಳ್ಳಲು ಅವಳು ಅವನನ್ನು ಗೀಟಣ್ಣ ಎಂದಳು. ಎರಡೂ ಹೆಸರು ಕಚೇರಿಯಲ್ಲಿ ಬೇರೂರಿದವು. ಹೋದ ತಿಂಗಳು ಚಹಾ ಕುಡಿದು ಬರುತ್ತೇನೆಂದು ಎದ್ದ ಗೀಟಣ್ಣ ಮೆಟ್ಟಿಲ ಮೇಲೆ ಎದೆ ಹಿಡಿದು ಕೂತ, ಮತ್ತೆ ಏಳಲಿಲ್ಲ.

ಅಂದಿನಿಂದ ಅವನ ಕಂಪ್ಯೂಟರನ್ನು ಯಾರೂ ಮುಟ್ಟಿರಲಿಲ್ಲ. ಪರದೆ ತಾನಾಗಿಯೇ ಕಪ್ಪಾಗಿತ್ತು. ಆದರೆ ಒಳಗೆ ಅವನ ಕೊನೆಯ ನಕ್ಷೆ ತೆರೆದೇ ಇದೆಯೆಂದು ಎಲ್ಲರಿಗೂ ಗೊತ್ತಿತ್ತು. ಅಮ್ಮ, ತಂಗಿ, ತಾನು ಒಟ್ಟಿಗಿರಲು ಕಟ್ಟಿಸಬೇಕೆಂದಿದ್ದ ಮನೆ ಅದು. ಸೇವ್ ಮಾಡದೆ ಎದ್ದು ಹೋಗುವುದು ಅವನ ಹಳೇ ಚಾಳಿ. ಕಸ ಗುಡಿಸುವವಳು ಕೂಡ ಆ ಮೇಜನ್ನು ಬಿಟ್ಟು ಒರೆಸುತ್ತಿದ್ದಳು. ಯಾರಾದರೂ ಆ ಕುರ್ಚಿ ಎಳೆದರೆ ಉಳಿದವರು ಕಣ್ಣಲ್ಲೇ ಸುಟ್ಟುಬಿಡುತ್ತಿದ್ದರು. ವೈರಮ್ಮ ದಿನಾ ಬಂದು, ಕಂಪ್ಯೂಟರಿನ ಬೆನ್ನಲ್ಲಿ ಮಿಟುಕುವ ಪುಟ್ಟ ದೀಪ ನೋಡಿ ಸಮಾಧಾನಪಟ್ಟುಕೊಳ್ಳುತ್ತಿದ್ದಳು.

ಅಮ್ಮ ಮಾತ್ರ ಬಿಡುತ್ತಿರಲಿಲ್ಲ. "ಅವನು ಬರೆದದ್ದನ್ನ ಒಂದು ಕಾಗದದ ಮೇಲೆ ತಂದ್ಕೊಡೇ, ಕಣ್ತುಂಬ ನೋಡ್ತೀನಿ."

"ತರ್ತೀನಮ್ಮ" ಎನ್ನುವುದು, ಮೇಜಿನವರೆಗೆ ಹೋಗಿ ಮನಸ್ಸು ಬಾರದೆ ತಿರುಗುವುದು. ಮೌಸ್ ಹಿಡಿದ ಕೊನೆಯ ಕೈ ಅಣ್ಣನದಾಗಿಯೇ ಇರಲಿ ಎಂಬ ಆಸೆ. ಭಕ್ತಿ ಎನ್ನಿ, ಪೆದ್ದುತನ ಎನ್ನಿ. ಸಂಕಟದಲ್ಲಿರುವವರಿಗೆ ಅದರ ವ್ಯತ್ಯಾಸ ಎಲ್ಲಿ ತಿಳಿಯುತ್ತದೆ?

"ಏನಮ್ಮಾ, ಇವತ್ತು ಕೆಲಸ ಆಗುತ್ತೋ ಇಲ್ವೋ?" ಫೈಲು ತೆರೆಯದ ಆ ದಿನ ಕಚೇರಿಯ ಯಜಮಾನರು ಬಾಗಿಲಲ್ಲಿ ನಿಂತು ಕೇಳಿದರು.

"ಹುಡುಕ್ತಾ ಇದ್ದೀನಿ ಸರ್. ನನ್ನ ತಲೆಯೊಂದು ಬಿಟ್ಟು ಎಲ್ಲಾ ಬಿಚ್ಚಿ ನೋಡಿದ್ದಾಯ್ತು."

ಕೊನೆಗೆ, ಎಲ್ಲ ಕೇಬಲ್ಲುಗಳೂ ಬಂದು ಸೇರುವ ಸ್ವಿಚ್ ಎಂಬ ಪೆಟ್ಟಿಗೆಯ ಒಳಲೆಕ್ಕ ತೆರೆದಳು. ಅದರಲ್ಲಿ ಫ್ಲೋ ಕಂಟ್ರೋಲ್ ಎಂಬ ಏರ್ಪಾಡಿದೆ. ಬಂದದ್ದನ್ನು ಅರಗಿಸಿಕೊಳ್ಳಲಾಗದ ಕಂಪ್ಯೂಟರ್ 'ಸ್ವಲ್ಪ ತಡಿ' ಎಂದು ಸಂದೇಶ ಕಳಿಸುತ್ತದೆ, ಸ್ವಿಚ್ ತಡೆಯುತ್ತದೆ. ಮರ್ಯಾದಸ್ಥರ ವ್ಯವಹಾರ. ಆದರೆ ಒಂದು ಕಂಪ್ಯೂಟರ್ ಬಿಡದೆ ತಡಿ ಎನ್ನುತ್ತಲೇ ಇದ್ದರೆ, ಅದಕ್ಕೆ ಹೋಗಬೇಕಾದದ್ದೆಲ್ಲ ಸ್ವಿಚ್‌ನಲ್ಲೇ ತುಂಬಿಕೊಂಡು, ಜಾಗ ಸಾಲದೆ ಅದು ಉಳಿದವರನ್ನೂ ತಡೆದು ನಿಲ್ಲಿಸುತ್ತದೆ. ರಾತ್ರಿಯಿಂದ, ಕೇಬಲ್ ಸಿಕ್ಕಿಸುವ ಒಂದೇ ಪೋರ್ಟಿನಿಂದ ಅಂಥ ಸಂದೇಶ ಲಕ್ಷಗಟ್ಟಲೆ ಬಂದಿತ್ತು. ಆ ಪೋರ್ಟ್ ಯಾರದೆಂದು ಹುಡುಕಬೇಕಿರಲಿಲ್ಲ. ಅಣ್ಣನ ಮೇಜಿಗೆ ಕೇಬಲ್ ಎಳೆದವಳು ಅವಳೇ.

ಆ ಪೋರ್ಟಿನ ಮಾತಿಗೆ ಕಿವಿಗೊಡಬೇಡ ಎಂದು ಸ್ವಿಚ್‌ಗೆ ಅಪ್ಪಣೆ ಕೊಟ್ಟಳು. ಮರುಗಳಿಗೆ ಆಚೆ ಕೋಣೆಯಿಂದ "ಬಂತು, ಬಂತು!" ಎಂಬ ಕೂಗು. ಯಾರೋ ಚಪ್ಪಾಳೆ ಹೊಡೆದರು. ಯಜಮಾನರು "ಭೇಷ್ ವೈರಮ್ಮ!" ಎಂದರು.

ಅವಳು ಮಾತ್ರ ಅಣ್ಣನ ಮೇಜಿನತ್ತ ಓಡಿದಳು. ಹೀಗೆ ಎಡೆಬಿಡದೆ ತಡಿ ಎನ್ನುವುದು ಸಾಮಾನ್ಯವಾಗಿ ಹ್ಯಾಂಗ್ ಆದ ಕಂಪ್ಯೂಟರ್. ಅದರ ಬುದ್ಧಿ ನಿಂತಿರುತ್ತದೆ, ಕೇಬಲ್ ಸಿಕ್ಕಿಸಿದ ಭಾಗವೊಂದು ತನ್ನಷ್ಟಕ್ಕೆ ಕೂಗುತ್ತಿರುತ್ತದೆ. ಅಣ್ಣನ ಕುರ್ಚಿಯಲ್ಲಿ ಕೂತು ಮೊದಲ ಸಲ ಮೌಸ್ ಮೇಲೆ ಕೈಯಿಟ್ಟಳು. ಅಲ್ಲಾಡಿಸಿದಳು. ಕೀಲಿಗಳನ್ನೆಲ್ಲ ಒತ್ತಿದಳು. ಪರದೆ ಕಪ್ಪಾಗಿಯೇ ಇತ್ತು. ನಿನ್ನೆ ಸಂಜೆಯವರೆಗೂ ಅದು ಚೆನ್ನಾಗಿಯೇ ಇತ್ತು. ಇಷ್ಟು ದಿನದಲ್ಲಿ ಯಾರಾದರೊಬ್ಬರು ಕೈಯಿಟ್ಟು ಸೇವ್ ಒತ್ತಿದ್ದರೆ ನಕ್ಷೆ ಉಳಿಯುತ್ತಿತ್ತು. ಕೂಗಾಟ ನಿಂತು ಕಚೇರಿಯವರೆಲ್ಲ ಒಬ್ಬೊಬ್ಬರಾಗಿ ಬಂದು ಸುತ್ತ ನಿಂತರು. ಅವಳು ಪವರ್ ಗುಂಡಿಯನ್ನು ಒತ್ತಿ ಹಿಡಿದಳು. ಮತ್ತೆ ಶುರು ಮಾಡಿ ಹುಡುಕಿದಾಗ ನಕ್ಷೆಯ ಸುಳಿವೂ ಸಿಗಲಿಲ್ಲ. ಆ ಮೇಜಿಗೇ ತಲೆಯಾನಿಸಿ ಗೊಳೋ ಎಂದು ಅತ್ತಳು.

ಮನೆಗೆ ಬಂದು ಅಮ್ಮನಿಗೆ ಎಲ್ಲವನ್ನೂ ಹೇಳಿದಳು. ಅಮ್ಮ ಬೈಯಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡಳು.

"ಹೋಗ್ಲಿ ಬಿಡು. ನೀನು ಪಕ್ಕದಲ್ಲೇ ಇದ್ದವಳು, ನೋಡಿರ್ತೀಯಲ್ಲ, ಬಾಯಲ್ಲೇ ಹೇಳು. ನನ್ನ ಕೋಣೆಗೆ ಕಿಟಕಿ ಯಾವ ಕಡೆ ಇಟ್ಟಿದ್ದ?"

ವೈರಮ್ಮ ಏನಾದರೊಂದು ದಿಕ್ಕು ಹೇಳಿಬಿಡಬಹುದಿತ್ತು.

"ನಾನು ನೋಡ್ಲಿಲ್ಲಮ್ಮ. ಅವತ್ತು ಚಹಾಕ್ಕೆ ಏಳೋ ಮುಂಚೆ ಕರೆದಿದ್ದ, 'ಬಾರೇ, ಅಮ್ಮನ ಕೋಣೆ ನೋಡು ಬಾ' ಅಂತ. ಆಮೇಲೆ ಬರ್ತೀನಿ ಇರು ಅಂದೆ."